ಹಿಮ ಬಿಟ್ಟುಕೊಟ್ಟ ಕೊಲ್ಲಿ

ತೀರ್ಥಹಳ್ಳಿ

ಪ್ರಿಯ ಸುಮಂಗಲಾ ಅವರಿಗೆ,

ನಿಮ್ಮ ಕಾಗದ ಬಂತು. ಯಜಮಾನರ ನಿವೃತ್ತಿ ಹತ್ತಿರವಾದದ್ದು, ಸಿಯಾಟಲ್‌ನಲ್ಲಿರುವ ಮಗ ‘ಈ ಸಲ ಬಂದರೆ ಅಲಾಸ್ಕಾ ಕ್ರೂಸ್‌ಗೆ ಕಳಿಸಿಯೇ ಸೈ’ ಎಂದು ಪಟ್ಟು ಹಿಡಿದದ್ದು, ನೀವು ‘ನೋಡೋಣ ಮಾರಾಯ’ ಅಂತ ಜಾರಿಕೊಳ್ಳುತ್ತಿರುವುದು ಎಲ್ಲ ಓದಿ ನಗು ಬಂತು. ನಮ್ಮ ಮಗಳೂ ಹೀಗೇ ಬೆನ್ನು ಬಿದ್ದು ನಮ್ಮಿಬ್ಬರನ್ನು ಅದೇ ಕ್ರೂಸ್‌ಗೆ ಕಳಿಸಿದ್ದಳು. ನನ್ನ ಬರಹಗಳನ್ನು ಓದುವುದಷ್ಟೇ ಅಲ್ಲ, ಒಪ್ಪಿಗೆಯಾಗದಿದ್ದಲ್ಲಿ ಮುಲಾಜಿಲ್ಲದೆ ಬರೆದು ತಿಳಿಸುವವರು ನೀವು. ‘ಚೆನ್ನಾಗಿದೆ, ಹೋಗಿ ಬನ್ನಿ’ ಎಂದು ಒಂದು ಸಾಲು ಗೀಚಿದರೆ ಬಿಡುವವರಲ್ಲ ಎಂದು ಗೊತ್ತು. ಹಾಗಾಗಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಎರಡು ಪ್ರಶ್ನೆ ಕೇಳಿದ್ದೀರಿ. ಐಸು ನೋಡಲು ಅಷ್ಟೊಂದು ದುಡ್ಡು ಸುರಿದು ಹೋಗಬೇಕೆ? ಇಬ್ಬರೇ ಒಂದು ವಾರ ಹಡಗಿನಲ್ಲಿ ಕೂತು ಮಾಡುವುದೇನು? ಮೊದಲನೆಯದಕ್ಕೆ ನನ್ನ ಉತ್ತರ ಹೀಗೆ: ಐಸಿಗಾಗಿಯೇ ಆದರೆ ಬೇಡ, ಅದು ಫೋಟೋದಲ್ಲೂ ಚೆನ್ನಾಗಿಯೇ ಕಾಣುತ್ತದೆ. ಐಸು ಬಿಟ್ಟುಹೋದ ಜಾಗ ನೋಡುವ ಆಸೆಯಿದ್ದರೆ ಹೋಗಲೇಬೇಕು. ಅದು ಯಾವ ಫೋಟೋದಲ್ಲೂ ಹಿಡಿಸುವುದಿಲ್ಲ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ಅಲಾಸ್ಕಾದ ನಕ್ಷೆ ತೆಗೆದು ನೋಡಿ. ಕೆಳಗೆ ಬಲಗಡೆ ಕೆನಡಾದ ಅಂಚಿಗೆ ಅಂಟಿಕೊಂಡಂತೆ ಒಂದು ಬಾಲ ಇಳಿದಿದೆ. ಲೆಕ್ಕವಿಲ್ಲದಷ್ಟು ದ್ವೀಪಗಳು, ಅವುಗಳ ನಡುವೆ ಇಕ್ಕಟ್ಟಾದ ಕಡಲ ಓಣಿಗಳು. ಕ್ರೂಸ್ ಹಡಗುಗಳೆಲ್ಲ ಓಡಾಡುವುದು ಈ ಬಾಲದಲ್ಲೇ. ಅದರ ಮೇಲ್ತುದಿಯ ಹತ್ತಿರ ಗ್ಲೇಷಿಯರ್ ಬೇ ಎಂಬ ಕೊಲ್ಲಿಯಿದೆ. 1794ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ವ್ಯಾಂಕೂವರ್‌ನ ತಂಡದವರು ಕರಾವಳಿಯ ಅಳತೆ ಮಾಡುತ್ತ ಅಲ್ಲಿಗೆ ಬಂದಾಗ ಕೊಲ್ಲಿಯೆಂದು ಕರೆಯುವಂಥದ್ದು ಏನೂ ಇರಲಿಲ್ಲ. ಕಡಲು ಒಳಕ್ಕೆ ಸರಿದಿದ್ದು ಐದು ಮೈಲಿ, ಅಷ್ಟೇ. ಆಮೇಲೆ ಎದುರಿಗೆ ಹಿಮದ ಗೋಡೆ. 1879ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ಅಲ್ಲಿನ ಟ್ಲಿಂಗಿಟ್ ಜನರ ದೋಣಿಯಲ್ಲಿ ಬಂದಾಗ ಆ ಗೋಡೆ ನಲವತ್ತಕ್ಕೂ ಹೆಚ್ಚು ಮೈಲಿ ಹಿಂದೆ ಹೋಗಿತ್ತು. ಈಗ ಬಾಯಿಯಿಂದ ತುದಿಗೆ 65 ಮೈಲಿ, ಅಂದರೆ ನೂರು ಕಿಲೋಮೀಟರಿಗೂ ಮಿಕ್ಕಿದ ನೀರಿನ ದಾರಿ. ನಮ್ಮ ಹಡಗು ಬೆಳಗಿನಿಂದ ಮಧ್ಯಾಹ್ನದವರೆಗೆ ತೇಲಿದ ಜಾಗವೆಲ್ಲ, ನಮ್ಮ ತಾತನ ತಾತನ ಕಾಲಕ್ಕೆ, ಸಾವಿರಾರು ಅಡಿ ದಪ್ಪದ ಹಿಮದ ಹೊಟ್ಟೆಯೊಳಗಿತ್ತು.

ಕೊಲ್ಲಿಯನ್ನು ಹೊಕ್ಕ ದಿನ ನಸುಕಿನಲ್ಲೇ ನಮ್ಮ ಮನೆಯವರು ನನ್ನನ್ನು ಎಬ್ಬಿಸಿದರು. ಸ್ವೆಟರಿನ ಮೇಲೆ ಶಾಲು, ಅದರ ಮೇಲೆ ಮಗಳ ಜಾಕೆಟ್ಟು, ಇವರ ತಲೆಗೆ ಊರಿನಿಂದ ತಂದ ಮಂಕಿ ಕ್ಯಾಪು. ಬಾರ್ಟ್‌ಲೆಟ್ ಕೋವ್ ಎಂಬಲ್ಲಿ ಒಂದು ಸಣ್ಣ ದೋಣಿ ನಮ್ಮ ಹಡಗಿನ ಪಕ್ಕೆಗೆ ಬಂದು ಒರಗಿತು. ಎರಡೂ ಓಡುತ್ತಿರುವಾಗಲೇ ರಾಷ್ಟ್ರೀಯ ಉದ್ಯಾನದ ರೇಂಜರುಗಳು ಹಗ್ಗದ ಏಣಿ ಹಿಡಿದು ಮೇಲೆ ಹತ್ತಿಬಂದರು. ಇಡೀ ದಿನ ಅವರದೇ ಮಾತು, ಧ್ವನಿವರ್ಧಕದಲ್ಲಿ. ನಮ್ಮ ಕಡೆಯ ಗೈಡುಗಳ ಹಾಗೆ ಉಸಿರು ಬಿಡದೆ ಹೇಳುವುದಿಲ್ಲ. ಒಂದು ವಿಷಯ ಹೇಳಿ ಸುಮ್ಮನಾಗುತ್ತಾರೆ, ನೋಡುವುದಕ್ಕೆ ಬಿಡುತ್ತಾರೆ.

ನನಗೆ ಹಿಡಿಸಿದ್ದು ಗಿಡಮರಗಳ ಸಾಲು. ಕೊಲ್ಲಿಯ ಬಾಯಿಯಲ್ಲಿ ಸ್ಪ್ರೂಸ್ ಮರಗಳ ಕಗ್ಗಾಡು, ನೆಲ ಕಾಣದಷ್ಟು ಪಾಚಿ. ಒಳಗೆ ಹೋದಂತೆ ಮರಗಳು ಗಿಡ್ಡವಾದವು. ಇನ್ನೂ ಒಳಗೆ ಆಲ್ಡರ್ ಪೊದೆಗಳು. ಅದರಾಚೆ ಡ್ರೈಯಾಸ್ ಎಂಬ, ನೆಲಕ್ಕೆ ಮೈಯೊಡ್ಡಿ ಹಬ್ಬುವ ಗಿಡದ ಹಾಸು. ಕೊನೆಗೆ ಏನೂ ಇಲ್ಲ, ತೊಳೆದಿಟ್ಟಂಥ ಬೋಳು ಬಂಡೆ. ಹಿಮ ಮೊದಲು ಸರಿದ ಕಡೆ ಕಾಡು ಬಲಿತಿದೆ, ಈಚೆಗೆ ಸರಿದ ಕಡೆ ನೆಲ ಇನ್ನೂ ಬಾಣಂತಿಯ ಸ್ಥಿತಿಯಲ್ಲಿದೆ. ಡ್ರೈಯಾಸ್, ಆಲ್ಡರ್ ಎರಡೂ ಬೇರಿನಲ್ಲಿ ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುವ ಜಾತಿ. ಅವು ಹದ ಮಾಡಿಟ್ಟ ನೆಲದಲ್ಲಿ ಸ್ಪ್ರೂಸ್ ಬಂದು ಬೇರೂರುತ್ತದೆ, ಆಮೇಲೆ ಎತ್ತರಕ್ಕೆ ಬೆಳೆದು ಆಲ್ಡರಿಗೇ ಬಿಸಿಲು ತಪ್ಪಿಸುತ್ತದೆ. (ಉಪಕಾರ ಮಾಡಿದವರಿಗೆ ಎಲ್ಲ ಕಡೆಯೂ ಇದೇ ಗತಿ ಎಂದರು ಇವರು.) ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿ 1916ರಲ್ಲಿ ಇಲ್ಲಿ ಸಣ್ಣಸಣ್ಣ ಚೌಕ ಗುರುತು ಹಾಕಿ, ಯಾವ ಗಿಡ ಯಾವಾಗ ಬಂತು ಎಂದು ಬರೆದಿಡಲು ಶುರು ಮಾಡಿದ. ಆ ಚೌಕಗಳನ್ನು ವಿಜ್ಞಾನಿಗಳು ಈಗಲೂ ಹೋಗಿ ನೋಡುತ್ತಾರೆ. ಈ ಜಾಗವನ್ನು ಕಾಪಾಡಬೇಕೆಂದು ಆತ ಮತ್ತು ಜೊತೆಗಾರರು ಹಟ ಹಿಡಿದದ್ದರಿಂದಲೇ 1925ರಲ್ಲಿ ಇದಕ್ಕೆ ಸರ್ಕಾರದ ರಕ್ಷಣೆ ಸಿಕ್ಕಿತು. ರಾಷ್ಟ್ರೀಯ ಉದ್ಯಾನವಾದದ್ದು 1980ರಲ್ಲಿ. ಕುರ್ಚಿಯಲ್ಲಿ ಕೂತೇ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗುವ ದಾರಿ ಬೇರೆಲ್ಲಿದೆಯೋ ನನಗೆ ಗೊತ್ತಿಲ್ಲ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಹೇಳಿದ್ದು ಹೂನಾ ಊರಿನಿಂದ ಹಡಗಿಗೆ ಬಂದಿದ್ದ ಒಬ್ಬ ಟ್ಲಿಂಗಿಟ್ ಹೆಂಗಸು. ನನ್ನ ವಯಸ್ಸಿನವರೇ ಇರಬೇಕು. ಕೆಂಪು ಕಪ್ಪು ಬಟ್ಟೆಯ ಮೇಲೆ ಗುಂಡಿಗಳಿಂದ ಕುಲದ ಚಿಹ್ನೆ ಹೊಲಿದ ಕಂಬಳಿ ಹೊದ್ದಿದ್ದರು. ಕೊಲ್ಲಿಯಿರುವ ಈ ಜಾಗದಲ್ಲಿ ಒಂದು ಕಾಲಕ್ಕೆ ಬಯಲಿತ್ತು, ಸಾಲ್ಮನ್ ಮೀನಿನ ಹೊಳೆಯಿತ್ತು, ಅವರ ಹಿರಿಯರ ಮನೆಗಳಿದ್ದವು. ಹದಿನೆಂಟನೇ ಶತಮಾನದಲ್ಲಿ ಹಿಮನದಿ ಮುಂದೆ ನುಗ್ಗಿತು. ನಾಯಿ ಓಡುವಷ್ಟು ವೇಗದಲ್ಲಿ ಬಂತು ಎಂದು ಅವರ ಹಿರಿಯರು ಹೇಳುತ್ತಾರಂತೆ. ಊರು ಬಿಟ್ಟು ಜಲಸಂಧಿ ದಾಟಿ ಹೋದರು, ಈಗಿನ ಹೂನಾದಲ್ಲಿ ನೆಲೆಯೂರಿದರು. ಹಿಮ ಯಾಕೆ ಬಂತು, ಯಾರು ಹಿಂದೆ ಉಳಿದರು ಎಂಬುದಕ್ಕೆ ಅವರಲ್ಲಿ ಒಂದು ಕಥೆಯಿದೆ. ಅದು ಆ ಕುಲದ ಸ್ವತ್ತು, ಕುಲದವರ ಬಾಯಲ್ಲೇ ಬರಬೇಕಾದದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ನೀವು ಹೋದಾಗ ಕೇಳಿ. ಹಿಮ ಹಿಂದೆ ಸರಿದ ಮೇಲಾದರೂ ಹಾಯಾಗಿ ಮರಳಿ ಬಂದರೇ ಎಂದರೆ, ಅದೂ ಇಲ್ಲ. ಅಷ್ಟರಲ್ಲಿ ಅದು ಸರ್ಕಾರದ ರಕ್ಷಿತ ಪ್ರದೇಶವಾಗಿತ್ತು. ಕಡಲಕ್ಕಿಯ ಮೊಟ್ಟೆ ಹೆಕ್ಕುವುದಕ್ಕೂ ಅಡ್ಡಿ. ಆ ಹಕ್ಕನ್ನು ಕಾನೂನಿನಲ್ಲಿ ವಾಪಸು ಕೊಟ್ಟದ್ದು 2014ರಲ್ಲಿ. 2016ರಲ್ಲಿ ಬಾರ್ಟ್‌ಲೆಟ್ ಕೋವ್‌ನಲ್ಲಿ ಅವರ ಕುಲಗಳ ಸಾಮೂಹಿಕ ಮನೆಯೊಂದು ಎದ್ದು ನಿಂತಿತು. ಕರಗುವ ಹಿಮವನ್ನು ಕಂಡು ಅಯ್ಯೋ ಎನ್ನಲು ತಯಾರಾಗಿ ಹೋಗಿದ್ದ ನನಗೆ, ಅದೇ ಹಿಮದಿಂದ ಮನೆ ಕಳೆದುಕೊಂಡವರ ಮೊಮ್ಮಗಳ ಎದುರು ಏನು ಹೇಳಲೂ ತೋಚಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಿತು. 21 ಮೈಲಿ ಉದ್ದ, ಮುಖದ ಅಗಲ ಸುಮಾರು ಒಂದು ಮೈಲಿ, ನೀರಿನ ಮೇಲೆ 250 ಅಡಿ ಎತ್ತರ. ಅಂಕಿ ಹಾಗಿರಲಿ, ಕಣ್ಣಿಗೆ ಅಷ್ಟೇನೂ ದೊಡ್ಡದೆನ್ನಿಸುವುದಿಲ್ಲ. ಗೋಡೆಯ ಬುಡದಲ್ಲಿ ಉಪ್ಪಿನ ಹರಳು ಚೆಲ್ಲಿದಂತೆ ಏನೋ ಹಾರುತ್ತಿತ್ತು. ಬೈನಾಕ್ಯುಲರ್ ಹಿಡಿದರೆ ಅವು ಕಿಟ್ಟಿವೇಕ್ ಎಂಬ ಕಡಲಕ್ಕಿಗಳು. ಆಗ ಗೋಡೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಬಿರುಕುಗಳ ಒಳಗಿನ ನೀಲಿ ಮಾತ್ರ ನಮಗೆ ತೀರಾ ಪರಿಚಯದ್ದು: ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಔಷಧಿ ಹೊಡೆಯಲು ಡ್ರಮ್ಮಿನಲ್ಲಿ ಕರಗಿಸುತ್ತೇವಲ್ಲ, ಆ ಮೈಲುತುತ್ತಿನ ಬಣ್ಣ. ಮೇಲಿಂದ ಮೇಲೆ ಬಿದ್ದ ಹಿಮದ ಭಾರಕ್ಕೆ ಒಳಗಿನ ಗಾಳಿಗುಳ್ಳೆಗಳು ಹಿಂಡಿಹೋಗಿ ಐಸು ಗಟ್ಟಿಯಾಗುತ್ತದೆ, ಬೆಳಕಿನ ಕೆಂಪನ್ನೆಲ್ಲ ಅದು ನುಂಗಿ ನೀಲಿಯನ್ನಷ್ಟೇ ಹೊರಗೆ ಬಿಡುತ್ತದೆ.

ಐಸು ಯಾವ ಮೂಲೆಯಿಂದ ಬೀಳುತ್ತದೋ ಹೇಳಲಾಗುವುದಿಲ್ಲ. ನಾನು ಎಡಗಡೆ ನೋಡುತ್ತಿದ್ದೆ. ಇವರು ಭುಜ ಹಿಡಿದು ತಿರುಗಿಸಿದರು. ಗೋಡೆಯ ಒಂದು ತುಂಡು, ನಮ್ಮೂರ ಬಸ್ ಸ್ಟ್ಯಾಂಡಿನಷ್ಟು ಇರಬೇಕು, ಸದ್ದೇ ಇಲ್ಲದೆ ಜಾರಿ ನೀರಿಗೆ ಇಳಿಯಿತು. ನೀರು ಮೇಲೆದ್ದಿತು. ಆಮೇಲೆ ಬಂತು ನೋಡಿ ಗುಡುಗು. ವಿದ್ಯುತ್ ಇಲಾಖೆಯ ಇಂಜಿನಿಯರ್ ಸುಮ್ಮನಿರುತ್ತಾರೆಯೇ, ಮುಂದಿನ ಸಲ ಬಿದ್ದಾಗ ಗಡಿಯಾರ ನೋಡಿ ಎಣಿಸಿದರು. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಸುಮಾರು ಎರಡು ಸೆಕೆಂಡು. ‘ಏಳುನೂರು ಮೀಟರ್ ದೂರದಲ್ಲಿದ್ದೇವೆ’ ಎಂದು ಪಕ್ಕದ ಜಪಾನೀ ದಂಪತಿಗೆ ಬೆರಳಲ್ಲೇ ಲೆಕ್ಕ ತಿಳಿಸಿದರು. ಅವರು ತಲೆಬಾಗಿ ವಂದಿಸಿದರು. ಅಲೆ ಬಂದು ಹಡಗಿಗೆ ತಾಕುವ ಹೊತ್ತಿಗೆ ಅದರ ಕಸುವು ಮುಗಿದಿತ್ತು.

ಹತ್ತಿರದಲ್ಲೇ ಜಾನ್ಸ್ ಹಾಪ್ಕಿನ್ಸ್ ಎಂಬ ಇನ್ನೊಂದು ಹಿಮನದಿ ಇಳಿಯುವ ಕೊಲ್ಲಿಯ ಕವಲಿದೆ. ತೇಲುವ ಐಸಿನ ಮೇಲೆ ಸೀಲ್‌ಗಳು ಮರಿ ಹಾಕುವ ಜಾಗ ಅದು. ಮೇ ತಿಂಗಳಿನಿಂದ ಆಗಸ್ಟ್ ಮುಗಿಯುವವರೆಗೆ ಕ್ರೂಸ್ ಹಡಗುಗಳಿಗೆ ಒಳಗೆ ಬಿಡುವುದಿಲ್ಲ. ದೂರದಿಂದ ಬಾಗಿಲಲ್ಲೇ ನಿಂತು ನೋಡಿ ಬಂದೆವು. ಇವರಿಗೆ ಬೇಜಾರಾಯಿತು, ನನಗೆ ಇಲ್ಲ. ತಿಮಿಂಗಿಲ ಓಡಾಡುವ ನೀರಿನಲ್ಲಿ ಹಡಗು ವೇಗ ಇಳಿಸಲೇಬೇಕೆಂಬ ಕಟ್ಟಳೆಯೂ ಇದೆ. 2001ರಲ್ಲಿ ಕ್ರೂಸ್ ಹಡಗೊಂದು ಬಡಿದು ಸತ್ತ ಗಬ್ಬದ ತಿಮಿಂಗಿಲದ ಅಸ್ಥಿಪಂಜರವನ್ನು ಬಾರ್ಟ್‌ಲೆಟ್ ಕೋವ್‌ನಲ್ಲಿ ಜೋಡಿಸಿಟ್ಟಿದ್ದಾರೆ. ರೇಂಜರ್ ಅದನ್ನು ಹೇಳಿದ್ದು ನಮ್ಮ ಹಡಗಿನ ಧ್ವನಿವರ್ಧಕದಲ್ಲೇ. ಆ ಧೈರ್ಯ ನನಗೆ ಮೆಚ್ಚುಗೆಯಾಯಿತು. ವಾಪಸು ಬರುವಾಗ ಕಡಲ ನೀರುನಾಯಿಗಳು ಅಂಗಾತ ತೇಲುತ್ತ, ಎದೆಯ ಮೇಲೆ ಚಿಪ್ಪು ಇಟ್ಟುಕೊಂಡು ಒಡೆದು ತಿನ್ನುತ್ತಿದ್ದವು. ತುಪ್ಪಳದ ಆಸೆಗೆ ಇವುಗಳ ಸಂತಾನವನ್ನೇ ಅಳಿಸಿಹಾಕಿದ್ದರು. 1960ರ ದಶಕದಲ್ಲಿ ಬೇರೆ ಕಡೆಯಿಂದ ತಂದು ಈ ಕರಾವಳಿಗೆ ಬಿಟ್ಟ ಮೇಲೆ ಮತ್ತೆ ಹೆಚ್ಚಿದವಂತೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಹಡಗಿನಲ್ಲಿ ಏನು ಮಾಡಿದೆವು? ಹೆಚ್ಚಾಗಿ ಏನೂ ಇಲ್ಲ. ಬಿಂಗೋ, ನೃತ್ಯ, ಚಿತ್ರಗಳ ಹರಾಜು, ಜೂಜುಕಟ್ಟೆ ಎಲ್ಲ ಇದೆ, ಅದರ ಗೊಡವೆಗೆ ಹೋಗಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಟ್ಟಿಗೆ ಕೂತದ್ದೆಂದರೆ ಮದುವೆಮನೆಯ ಪಂಕ್ತಿಯಲ್ಲಿ, ಇಲ್ಲವೇ ಆಸ್ಪತ್ರೆಯ ಬೆಂಚಿನ ಮೇಲೆ. ಒಲೆಯ ಮೇಲೆ ಏನೂ ಇಲ್ಲ, ಕೊಟ್ಟಿಗೆಯಲ್ಲಿ ಯಾರೂ ಕಾಯುತ್ತಿಲ್ಲ, ಪೇಪರ್ ಬರುವುದಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಮೊದಲೆರಡು ದಿನ ಇಬ್ಬರಿಗೂ ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಆಮೇಲೆ ಇವರು ಲೈಬ್ರರಿಯಲ್ಲಿ ಸಾವಿರ ತುಂಡಿನ ಜೋಡಿಸುವ ಚಿತ್ರವೊಂದನ್ನು ಕಂಡುಹಿಡಿದರು. ಯಾರು ಬೇಕಾದರೂ ಬಂದು ನಾಲ್ಕು ತುಂಡು ಕೂರಿಸಿ ಹೋಗುವ ಪದ್ಧತಿ. ಕೆನಡಾದ ಅಜ್ಜಿಯೊಬ್ಬರ ಜೊತೆ ಇವರಿಗೆ ಆಕಾಶದ ತುಂಡುಗಳ ಬಗ್ಗೆ ನಿತ್ಯ ವಾಗ್ವಾದ. ನಾನು ಪಕ್ಕದ ಕಿಟಕಿಯಲ್ಲಿ ದ್ವೀಪಗಳನ್ನು ನೋಡುತ್ತ ಇರುತ್ತಿದ್ದೆ. ರಾತ್ರಿ ಹತ್ತಾದರೂ ಬೆಳಕು ಪೂರಾ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಇವರು ತಮ್ಮ ಮೊದಲ ಪೋಸ್ಟಿಂಗಿನ ಕಥೆ, ಲಿಂಗನಮಕ್ಕಿಯ ದಿನಗಳು, ನನಗೆ ಎಂದೂ ಹೇಳದ ಒಂದಿಷ್ಟು ಸಂಗತಿ ಹೇಳಿದರು. ಅವನ್ನು ಕಾಗದದಲ್ಲಿ ಬರೆದರೆ ಇವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಊಟದ ಚಿಂತೆ ಬೇಡ. ನಮ್ಮ ಮೇಜಿಗೆ ಬಂದ ಹುಡುಗ ನಾವು ಮಾತಾಡುವುದು ಕೇಳಿಸಿಕೊಂಡು, ‘ನೀವ್ ಕನ್ನಡದವ್ರಾ? ಯಾವೂರ್ ನಿಮ್ದ್?’ ಎಂದ. ಕುಂದಾಪುರದವನು! ಮಂಗಳೂರು, ಉಡುಪಿ, ಗೋವಾ ಕಡೆಯ ಹುಡುಗರು ಈ ಹಡಗುಗಳಲ್ಲಿ ಬೇಕಾದಷ್ಟಿದ್ದಾರೆ. ಹಿಂದಿನ ದಿನ ರಾತ್ರಿ ಹೇಳಿಟ್ಟರೆ ಮಾರನೇ ದಿನಕ್ಕೆ ದಾಲ್, ಪಲ್ಯ, ಅನ್ನ ಮಾಡಿಸಿಕೊಡುತ್ತಿದ್ದ. ಎಂಟು-ಒಂಬತ್ತು ತಿಂಗಳ ಗುತ್ತಿಗೆ, ನಡುವೆ ವಾರದ ರಜೆ ಎಂಬುದಿಲ್ಲ. ಬೇಸಿಗೆಯಲ್ಲಿ ಅಲಾಸ್ಕಾ, ಚಳಿಗಾಲದಲ್ಲಿ ಕೆರಿಬಿಯನ್. ‘ಹಿಮನದಿ ಎಷ್ಟು ಸಲ ನೋಡಿದ್ದಿ?’ ಎಂದು ಕೇಳಿದೆ. ಹಡಗು ಅಲ್ಲಿ ನಿಲ್ಲುವ ಹೊತ್ತಿಗೇ ಊಟದ ಪಾಳಿಯಂತೆ. ಕಿಟಕಿಯಿಂದ ಕಂಡಷ್ಟೇ.

ಬಂದರುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೆಚಿಕನ್‌ನಲ್ಲಿ ಮಳೆ ತಪ್ಪದು. ಆದರೂ ಅಲ್ಲಿನ ಟೋಟೆಮ್ ಕಂಬಗಳನ್ನು ಬಿಡಬೇಡಿ. ಒಂದೇ ಸೀಡರ್ ಮರದಲ್ಲಿ ಕಾಗೆ, ಹದ್ದು, ಕರಡಿ, ತಿಮಿಂಗಿಲ ಒಂದರ ಮೇಲೊಂದು. ಪೂಜೆಗಿಟ್ಟದ್ದಲ್ಲ, ಒಂದೊಂದು ಕುಲದ ಚರಿತ್ರೆ. ಟ್ಲಿಂಗಿಟ್ ಸಮಾಜವಿಡೀ ಕಾಗೆ, ಹದ್ದು ಎಂದು ಎರಡು ಪಾಲು, ಮದುವೆ ಎದುರು ಪಾಲಿನವರ ಜೊತೆಗೇ ಆಗಬೇಕು, ಮಕ್ಕಳಿಗೆ ತಾಯಿಯ ಕುಲ. ಕುಂದಾಪುರದ ಹುಡುಗನಿಗೆ ಇದನ್ನು ಹೇಳಿದರೆ ಅವನು ಕಣ್ಣರಳಿಸಲೂ ಇಲ್ಲ: ‘ನಮ್ಮಲ್ಲೂ ಬಳಿ ಬಪ್ಪುದ್ ತಾಯಿಯಿಂದ್ಲೇ ಅಲ್ದಾ?’

ಸ್ಕ್ಯಾಗ್ವೇ ಸಾವಿರ ಚಿಲ್ಲರೆ ಜನರ ಊರು. ಹಡಗುಗಳು ಬಂದ ದಿನ ಅದರ ಎಷ್ಟೋ ಪಟ್ಟು ಜನ ಬೀದಿಯಲ್ಲಿ. ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತೆಂದು 1897–98ರಲ್ಲಿ ಜನ ನುಗ್ಗಿದ್ದು ಈ ದಾರಿಯಲ್ಲಿ. ಒಂದು ವರ್ಷಕ್ಕಾಗುವಷ್ಟು ಸಾಮಾನು ಹೊತ್ತು ತರದವರನ್ನು ಕೆನಡಾದ ಪೊಲೀಸರು ಗಡಿಯೊಳಗೆ ಬಿಡುತ್ತಿರಲಿಲ್ಲ. ಆ ಹೊರೆ ಹೊತ್ತು ಸತ್ತ ಕುದುರೆಗಳೇ ಸುಮಾರು 3,000. 1900ಕ್ಕೆ ಪೂರ್ತಿಯಾದ ಮೂರಡಿ ಅಗಲದ ರೈಲುಹಳಿ ಇಪ್ಪತ್ತು ಮೈಲಿಯಲ್ಲಿ ಸುಮಾರು 2,900 ಅಡಿ ಏರುತ್ತದೆ. ಟಿಕೆಟ್ ದುಬಾರಿ, ಆದರೂ ಹತ್ತಿ. ಎಡಗಡೆಯ ಸೀಟು ಹಿಡಿಯಿರಿ.

ಜೂನೋ ರಾಜಧಾನಿಯಾದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ವಿಮಾನ, ಇಲ್ಲವೇ ಹಡಗು. ಇಳಿದ ಕೂಡಲೇ ವಜ್ರದಂಗಡಿಗಳ ಸಾಲು, ‘ಆಯಿಯೇ ಭಾಭೀಜಿ’ ಎಂದು ಹಿಂದಿಯಲ್ಲೇ ಕರೆದರು. ಅಲ್ಲಿ ಕಾಲು ನಿಲ್ಲಿಸದೆ ಬಸ್ಸು ಹಿಡಿದು ಮೆಂಡನ್‌ಹಾಲ್ ಹಿಮನದಿಗೆ ಹೋಗಿ. ಅದರ ಪಕ್ಕದ ಒಂದು ಕವಲು ಕರಗಿ ಹಿಂದೆ ಸರಿದ ಮೇಲೆ ಅಲ್ಲೊಂದು ಗುಂಡಿ ಉಳಿಯಿತು. ಮಳೆ ನೀರು, ಕರಗಿದ ನೀರು ಅದರಲ್ಲಿ ತುಂಬುತ್ತದೆ, ಹಿಮನದಿಯೇ ಅಣೆಕಟ್ಟಾಗಿ ತಡೆದು ನಿಲ್ಲುತ್ತದೆ. ಭಾರ ತಾಳದಾದಾಗ ನೀರು ಹಿಮದಡಿಯಿಂದ ದಾರಿ ಮಾಡಿಕೊಂಡು ಒಂದೇ ಸಲಕ್ಕೆ ಊರ ಮೇಲೆ ಇಳಿಯುತ್ತದೆ. 2011ರಿಂದ ಶುರುವಾದ ಕಾಟ. 2023ರ ಆಗಸ್ಟ್‌ನಲ್ಲಿ ಹೊಳೆದಂಡೆಯ ಮನೆಗಳೇ ಕುಸಿದವು, ಮರುವರ್ಷ ನೂರಾರು ಮನೆಗಳಿಗೆ ನೀರು ನುಗ್ಗಿತು. ಅಣೆಕಟ್ಟುಗಳ ಜೊತೆ ಬದುಕು ಕಳೆದ ಇವರು ಅಲ್ಲಿನ ನಕ್ಷೆಯ ಮುಂದಿನಿಂದ ಕದಲಲಿಲ್ಲ. ಬಸ್ಸು ತಪ್ಪುವುದರಲ್ಲಿತ್ತು.

ಅದೇ ಊರಿನಲ್ಲಿ ಹಡಗುಗಳ ಬಗ್ಗೆ ಜಗಳವೂ ಇದೆ. ಮೂವತ್ತೆರಡು ಸಾವಿರ ಜನರ ಊರಿಗೆ ವರ್ಷಕ್ಕೆ ಹದಿನಾರು ಲಕ್ಷಕ್ಕೂ ಹೆಚ್ಚು ಜನ ಹಡಗಿನಿಂದ ಇಳಿದರೆ ಆಗದೇ ಇರುತ್ತದೆಯೇ? 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂದು ಒಪ್ಪಂದವಾಯಿತು. ಅದೇ ವರ್ಷ ಶನಿವಾರ ಹಡಗೇ ಬೇಡ ಎಂಬ ಪ್ರಸ್ತಾವವನ್ನು ಮತಕ್ಕೆ ಹಾಕಿದರು, ಅದು ಸೋತಿತು. ವ್ಯಾಪಾರವೂ ಬೇಕಲ್ಲ. ಹೊಗೆ ಬಿಡುವ ಹಡಗಿನಲ್ಲಿ ಕೂತು ಕರಗುವ ಹಿಮ ನೋಡಲು ಹೋದದ್ದು ಸರಿಯೇ ಎಂದು ನೀವು ಬರೆದೇ ಬರೆಯುತ್ತೀರಿ. ನಾನೊಬ್ಬಳು ಹೋಗದಿದ್ದರೂ ಹಡಗು ಹೊರಡುತ್ತಿತ್ತು ಎಂಬ ಸಮಾಧಾನ ನನಗೂ ಒಗ್ಗುವುದಿಲ್ಲ. ಹೋದೆ, ನೋಡಿದೆ, ಅಷ್ಟೇ ಹೇಳಬಲ್ಲೆ.

ಇನ್ನು ವ್ಯವಹಾರದ ಮಾತು. ಟಿಕೆಟ್ ತೆಗೆಸುವ ಮುಂಚೆ ಪ್ರಯಾಣಪಟ್ಟಿಯಲ್ಲಿ ಗ್ಲೇಷಿಯರ್ ಬೇ ಹೆಸರಿದೆಯೇ ಎಂದು ಮಗನಿಗೆ ನೋಡಲು ಹೇಳಿ. ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಅಲ್ಲಿ ಪ್ರವೇಶ, ಎಲ್ಲ ಕಂಪನಿಗೂ ಅನುಮತಿ ಸಿಗುವುದಿಲ್ಲ. ಬಾಲ್ಕನಿ ಕೋಣೆಗೆ ಹೆಚ್ಚು ದುಡ್ಡು ಕೊಡಬೇಡಿ. ಹಿಮನದಿಯ ಮುಂದೆ ಹಡಗು ತಾನೇ ನಿಧಾನವಾಗಿ ಸುತ್ತು ತಿರುಗುತ್ತದೆ, ಮೇಲಿನ ಡೆಕ್ಕಿನಿಂದ ಕಾಣುವುದೇ ಚೆಂದ. ಸಿಬ್ಬಂದಿಯ ಟಿಪ್ಸ್ ಅಂತ ದಿನಕ್ಕೆ ತಲೆಗಿಷ್ಟು ಬಿಲ್ಲಿಗೆ ಸೇರುತ್ತದೆ, ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ. ಸಿಯಾಟಲ್‌ನಿಂದ ಹೊರಟ ಹಡಗು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಮೈಯಲ್ಲಿ ತೆರೆದ ಸಾಗರದಲ್ಲಿ ಹೋಗುತ್ತದೆ, ಆ ರಾತ್ರಿ ಚೂರು ತೂಗಾಡಿಸುತ್ತದೆ. ಒಣಶುಂಠಿ ಜೊತೆಗಿರಲಿ.

ಎಲ್ಲಕ್ಕಿಂತ ಮುಖ್ಯ, ವೀಸಾ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಲ್ಲಿ ಜನ ಹತ್ತಿಸಿಕೊಂಡು, ನಡುವೆ ಒಂದಾದರೂ ಪರದೇಶದ ಬಂದರು ಮುಟ್ಟದೆ, ಅಲ್ಲಿಗೇ ತಂದು ಇಳಿಸುವಂತಿಲ್ಲ. ಅದಕ್ಕಾಗಿ ಈ ಹಡಗುಗಳು ಬಹುಮಟ್ಟಿಗೆ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಂತು ಹೋಗುತ್ತವೆ. ನಾಲ್ಕು ತಾಸಿನ ನಿಲುಗಡೆಯಾದರೂ ನಮ್ಮ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕೇ ಬೇಕು. ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹಡಗು ಹತ್ತಿಸುವುದಿಲ್ಲ. ಮಕ್ಕಳಿಗೆ ಅಲ್ಲಿನ ಪೌರತ್ವ ಬಂದಿದ್ದರೆ ಇದು ಅವರ ತಲೆಗೆ ಹೊಳೆಯುವುದೇ ಇಲ್ಲ. ನೀವೇ ಜ್ಞಾಪಿಸಿ, ಅರ್ಜಿಯನ್ನು ಬೆಂಗಳೂರಿನಿಂದಲೇ ಹಾಕಿ. ಮೇ ಕೊನೆಯ ವಾರ ಹಿಡಿದರೆ ಮಳೆ ಕಮ್ಮಿ. ತಾರೀಕು ಗೊತ್ತಾದ ಮೇಲೆ ತಿಳಿಸಿ, ಇವರ ಬೈನಾಕ್ಯುಲರನ್ನು ಶಿವಮೊಗ್ಗಕ್ಕೆ ಬರುವವರ ಕೈಲಿ ಕಳಿಸಿಕೊಡುತ್ತೇನೆ. ಯಜಮಾನರಿಗೆ ನಮ್ಮಿಬ್ಬರ ನಮಸ್ಕಾರ ಹೇಳಿ.

ಇಂತಿ ನಿಮ್ಮ,
ವಸುಧಾ